ಪಾಪ ಎಂಬ ಮಾತು ಹೊರಳಿದ ಕತೆ

“ಗುರುಗಳೇ, ಓದುವಾಗ ಪಾಪ ಎಂದರೆ ಕೇಡು ಮಾಡಿದವನದು. ಬೀದಿಗೆ ಹೋದರೆ ಪಾಪ ಎಂದರೆ ಕೇಡು ಉಂಡವನದು. ಒಂದೇ ಮಾತು ಇಬ್ಬರಿಗೂ ಸೇರಿದ್ದು ಹೇಗೆ?”

ಹೀಗೆ ಕೇಳಿದವನು ಹಾಲಯ್ಯ. ಅವನು ಮಠಕ್ಕೆ ಬಂದು ಸೇರಿ ಹೆಚ್ಚು ಕಾಲವಾಗಿರಲಿಲ್ಲ. ಆ ಬೆಳಿಗ್ಗೆ ಭಿಕ್ಷೆಗೆ ಹೋದಾಗ, ಒಂದು ಮನೆಯ ಜಗಲಿಯಲ್ಲಿ ಮಲಗಿದ್ದ ರೋಗಿಯೊಬ್ಬನನ್ನು ಮನೆಯವರು ಎಬ್ಬಿಸಿ ಓಡಿಸುವುದನ್ನು ನೋಡಿದ್ದ. ಓಡಿಸಿದವರೇ ಅವನ ಬೆನ್ನು ನೋಡಿ ಪಾಪ ಎಂದಿದ್ದರು. ಆ ಮಾತು ಹಾಲಯ್ಯನನ್ನು ಮಠದವರೆಗೂ ಹಿಂಬಾಲಿಸಿಕೊಂಡು ಬಂದಿತ್ತು.

ಮಾತಿನ ಬೇರು ಬಲ್ಲ ಪಂಡಿತರು ಬೇರೆ ಇದ್ದಾರೆ, ಅವರು ಬೇರೆಯೇ ಹೇಳಿಯಾರು, ತಾವು ಬಲ್ಲದ್ದು ಒಂದು ಕತೆ ಮಾತ್ರ ಎಂದು ಗುರುಗಳು ಅಂದರು. ಆಮೇಲೆ ಹೇಳತೊಡಗಿದರು.

ಒಂದು ಹೊಳೆಯ ದಂಡೆಯ ಮೇಲೆ ಒಂದು ಊರಿತ್ತು. ಆ ಊರಿನಲ್ಲಿ ಕೇಡಿಗೆ ಇದ್ದದ್ದು ಒಂದೇ ಮಾತು, ಪಾಪ. ಅದನ್ನು ಯಾರೂ ಸುಮ್ಮಸುಮ್ಮನೆ ಆಡುತ್ತಿರಲಿಲ್ಲ. ಆಟಕ್ಕೆಂದು ಆಡಿದ ಮಕ್ಕಳ ಬಾಯಿಗೆ ತಾಯಂದಿರು ಹೊಡೆಯುತ್ತಿದ್ದರು. ಒಬ್ಬ ಇನ್ನೊಬ್ಬನಿಗೆ ಕೇಡು ಮಾಡಿದ್ದನ್ನು ಕಣ್ಣಾರೆ ಕಂಡವನು, ಮಾಡಿದವನ ಕಡೆಗೆ ಬೆರಳು ನೀಡಿ ಆ ಮಾತು ಹೇಳಬೇಕು. ಹೇಳಿಸಿಕೊಂಡವನು ಮರುದಿನ ರುಮಾಲು ತೆಗೆದು, ಬರಿಗಾಲಲ್ಲಿ ಊರ ಕಟ್ಟೆಯ ಮುಂದೆ ಬಂದು ನಿಲ್ಲಬೇಕು. ಕೆಡಿಸಿದ್ದನ್ನು ನೆಟ್ಟಗೆ ಮಾಡುವವರೆಗೆ ಅವನ ಒಲೆಗೆ ಯಾರೂ ಕೆಂಡ ಕೊಡರು, ಅವನ ಕೊಡಕ್ಕೆ ಯಾರೂ ನೀರು ಹೊಯ್ಯರು. ಉಳ್ಳವರು ಇಲ್ಲದವರು ಎಂಬ ಭೇದ ಆ ಮಾತಿಗೆ ಇರಲಿಲ್ಲ. ಅದಕ್ಕೇ ಇಲ್ಲದವರು ಆ ಊರಿನಲ್ಲಿ ಹೇಗೋ ಬದುಕಿಕೊಂಡಿದ್ದರು.

ಅಲ್ಲಿ ಒಬ್ಬ ನೇಕಾರನಿದ್ದ. ಜಗಳಗಂಟನಲ್ಲ, ಧೈರ್ಯದವನೂ ಅಲ್ಲ. ತಾನಾಯಿತು, ತನ್ನ ಮಗ್ಗವಾಯಿತು ಎಂದು ಇದ್ದವನು. ಹೊಳೆಗೆ ಹೋಗುವ ದಾರಿಯಲ್ಲಿ ಅವನ ಮನೆ. ಹೆಂಡತಿ ನೂಲು ಸುತ್ತಿಕೊಡುವಳು, ಅವನು ನೇಯುವನು. ಆ ದಾರಿಯ ತುದಿಗೆ, ಹೊಳೆಯ ದಿಬ್ಬದ ಮೇಲೆ, ಒಬ್ಬಳು ಕುಂಬಾರಗಿತ್ತಿ ಇದ್ದಳು. ಗಂಡ ಸತ್ತಿದ್ದ, ಮಕ್ಕಳಿರಲಿಲ್ಲ. ದಿಬ್ಬದ ಮಣ್ಣು ತೆಗೆದು, ಗಡಿಗೆ ಮಾಡಿ, ಸುಟ್ಟು, ಮಾರಿ ಬದುಕುತ್ತಿದ್ದಳು. ಅವಳು ನೇಕಾರನನ್ನು ಅಣ್ಣ ಎನ್ನುತ್ತಿದ್ದಳು. ಅವಳ ಗಡಿಗೆ ಇವನ ಮನೆಯಲ್ಲಿ, ಇವನ ಸೀರೆ ಅವಳ ಮೈಮೇಲೆ.

ಊರಿಗೆ ಒಬ್ಬ ಒಡೆಯನಿದ್ದ. ಹೊಳೆಯ ಗಾಳಿಗೆ ಕೂರುವುದಕ್ಕೆ ಒಂದು ಮಂಟಪ ಬೇಕೆಂದು ಅವನಿಗೆ ಮನಸ್ಸಾಯಿತು. ಕುಂಬಾರಗಿತ್ತಿಯ ದಿಬ್ಬ ಕಣ್ಣಿಗೆ ಬಿತ್ತು. ಬೇರೆ ಕಡೆ ಹೋಗು ಎಂದು ಹೇಳಿಕಳಿಸಿದ. ಗಡಿಗೆಗೆ ಒಗ್ಗುವ ಮಣ್ಣು ಬೇರೆ ಕಡೆ ಇಲ್ಲ, ಇದ್ದರೆ ಹೋಗುತ್ತಿದ್ದೆ ಎಂದು ಅವಳು ಹೇಳಿಕಳಿಸಿದಳು. ಅವನು ಮತ್ತೆ ಹೇಳಿಕಳಿಸಲಿಲ್ಲ.

ಒಂದು ದಿನ ನೇಕಾರ ನೂಲು ತೊಳೆಯಲು ಹೊಳೆಗೆ ಹೋಗಿದ್ದ. ಕುಂಬಾರಗಿತ್ತಿಯ ಗಡಿಗೆ ಸುಡುವ ಆವಿಗೆ ಉರಿಯುತ್ತಿತ್ತು. ಒಡೆಯ ಆಳುಗಳ ಜೊತೆ ಬಂದು ನಿಂತ. ಬಾಯಿಬಿಟ್ಟು ಏನೂ ಹೇಳಲಿಲ್ಲ, ಗದ್ದ ಎತ್ತಿ ತೋರಿಸಿದ. ಆಳುಗಳು ಬಿದಿರಿನ ಗಳುಗಳಿಂದ ಆವಿಗೆಯನ್ನು ಕೆಡವಿದರು. ಒಳಗಿದ್ದ ಗಡಿಗೆಗಳನ್ನು ಉಳಿಸಲು ಅವಳು ಓಡಿಬಂದಳು. ಕಾಲಿಟ್ಟ ಕಡೆ ನೆಲ ಜಾರಿತು. ಎರಡು ಕೈಯೂ ಮೊಣಕೈವರೆಗೆ ಕೆಂಡದೊಳಗೆ ಹೋದವು. ಆಳುಗಳು ಎಳೆದು ತೆಗೆಯಲು ಒಡೆಯನ ಮುಖ ನೋಡಿದರು. ಒಡೆಯ ಕೂಡಲೇ ಹೇಳಲಿಲ್ಲ.

ನೇಕಾರ ನೂಲನ್ನು ನೀರಿಗೆ ಬಿಟ್ಟು ಓಡಿಬಂದ. ಅವಳನ್ನು ಎಳೆದು ತೆಗೆದವನು ಅವನೇ. ಅವಳನ್ನು ನೆಲದ ಮೇಲೆ ಮಲಗಿಸಿ ಎದ್ದು ನಿಂತ. ಕೈ ಎತ್ತಿ, ಒಡೆಯನ ಕಡೆಗೆ ಬೆರಳು ನೀಡಿ, ಪಾಪ ಎಂದ. ಒಡೆಯನಿಗೆ ಆ ಮಾತನ್ನು ಅದುವರೆಗೆ ಯಾರೂ ಹೇಳಿರಲಿಲ್ಲ. ಆಳುಗಳು ಕೈಯಲ್ಲಿದ್ದ ಗಳುಗಳನ್ನು ಕೆಳಗೆ ಹಾಕಿದರು.

ಮನೆಗೆ ಬಂದ ಮೇಲೆ ಹೆಂಡತಿ ಕುಂಬಾರಗಿತ್ತಿಯ ಕೈಗೆ ಲೋಳೆಸರದ ತಿರುಳು ಹಚ್ಚಿದಳು. ಹಚ್ಚುತ್ತ, ನೀವು ಆಡಿದ ಮಾತಿನ ಹಿಂದೆ ನಿಲ್ಲಬಲ್ಲಿರಾ ಎಂದು ಗಂಡನನ್ನು ಮೆಲ್ಲಗೆ ಕೇಳಿದಳು. ಮಾತು ನನ್ನ ಬಾಯಿ ದಾಟಿತು, ಇನ್ನು ಅದು ಊರಿನದು, ಅದರ ಹಿಂದೆ ಊರು ನಿಲ್ಲುತ್ತದೆ ಎಂದು ಅವನು ಹೇಳಿದ. ಹಾಗೆಂದು ಅವನು ನಂಬಿದ್ದ.

ಮರುದಿನ ಊರೆಲ್ಲ ಕಟ್ಟೆಯ ಮುಂದೆ ಸೇರಿತು. ಯಾರ ಮುಖದಲ್ಲೂ ಕಳೆಯಿರಲಿಲ್ಲ. ಒಡೆಯನ ಹೊಲದಲ್ಲಿ ದುಡಿಯದ ಮನೆ ಆ ಊರಿನಲ್ಲಿ ಇರಲಿಲ್ಲ. ಅವನ ಒಲೆಗೆ ಕೆಂಡ ಕೊಡದೆ ಇರುವುದು ಹೇಗೆ, ಕೊಟ್ಟರೆ ಹಿರಿಯರು ಇಟ್ಟುಹೋದ ಕಟ್ಟಳೆಯ ಗತಿ ಏನು ಎಂದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ನೇಕಾರನನ್ನು ಕಂಡು ಕೆಲವರು ಮುಖ ತಿರುಗಿಸಿದರು. ಇವನೊಬ್ಬ ಆ ದಿನ ಹೊಳೆಗೆ ಹೋಗದಿದ್ದರೆ ಎಂಬ ಮಾತು ಅವರ ಮುಖದ ಮೇಲಿತ್ತು. ಕುಂಬಾರಗಿತ್ತಿಯನ್ನು ನೇಕಾರನ ಹೆಂಡತಿ ತೋಳು ಹಿಡಿದು ಕರೆತಂದು ಕೂರಿಸಿದಳು.

ಒಡೆಯ ಬಂದ. ತಲೆಯ ಮೇಲೆ ರುಮಾಲು ಇರಲಿಲ್ಲ, ಕಾಲಲ್ಲಿ ಕೆರ ಇರಲಿಲ್ಲ. ಕಟ್ಟಳೆಯಲ್ಲಿ ಒಂದು ಎಳೆಯನ್ನೂ ಅವನು ತಪ್ಪಿಸಲಿಲ್ಲ. ಜನರಿಗೆ ಆಶ್ಚರ್ಯವಾಯಿತು. ನೇಕಾರ ಎದ್ದು ಬೆರಳು ನೀಡಿ ನಿಂತ.

ಒಡೆಯ ಅವನ ಬೆರಳನ್ನು ನೋಡಲಿಲ್ಲ. ನೆಟ್ಟಗೆ ಕುಂಬಾರಗಿತ್ತಿಯ ಮುಂದೆ ಹೋಗಿ ಕುಕ್ಕರುಗಾಲಲ್ಲಿ ಕೂತ. ಅವಳ ಕೈಗೆ ಸುತ್ತಿದ ಬಟ್ಟೆಯನ್ನು ತಾನೇ ಬಿಚ್ಚಿದ. ಬಹಳ ಹೊತ್ತು ನೋಡಿದ. ಅವನ ಕಣ್ಣಲ್ಲಿ ನೀರು ಬಂತು.

“ನೇಕಾರ ಹೇಳಿದ್ದು ನಿಜ” ಎಂದ. “ಈ ತಾಯಿಯ ಕೈ ನೋಡಿ. ಇದನ್ನು ಕಂಡು ಪಾಪ ಎನ್ನದವನು ಮನುಷ್ಯನೇ?”

ಅವಳ ಮುಖವನ್ನೇ ನೋಡುತ್ತ, ಮೆತ್ತಗೆ, ಅವನು ಆ ಮಾತು ಹೇಳಿದ. ಪಾಪ.

ಆಮೇಲೆ ಹಿರಿಯನೊಬ್ಬ ಅವಳ ಕೈಯನ್ನು ನೋಡಿ, ಹೌದು, ಪಾಪ ಎಂದ. ಅವನ ಹಿಂದೆ ಇನ್ನೊಬ್ಬ. ಹೆಂಗಸರು ಸೆರಗು ಬಾಯಿಗೆ ಹಿಡಿದು ಅಂದರು. ಊರಿಗೆ ಊರೇ ಅವಳನ್ನು ನೋಡಿ ಅಂದಿತು. ಆ ಮಾತನ್ನು ಆಡಿದಂತೆಯೂ ಆಯಿತು, ಒಡೆಯನ ಮುಖ ನೋಡಬೇಕಾಗಿಯೂ ಬರಲಿಲ್ಲ. ಎದೆಯ ಮೇಲಿನ ಕಲ್ಲು ಇಳಿದಂತೆ ಎಲ್ಲರೂ ಹಗುರಾದರು. ಅವರ ಕಣ್ಣೀರು ಸುಳ್ಳಾಗಿರಲಿಲ್ಲ. ಸುಳ್ಳಾಗಿದ್ದರೆ ಎಂದಾದರೂ ಒಂದು ದಿನ ಅವರಿಗೇ ನಾಚಿಕೆಯಾಗುತ್ತಿತ್ತು.

ನೇಕಾರನ ಕೈ ಇನ್ನೂ ಎತ್ತಿದ ಹಾಗೇ ಇತ್ತು. ಒಡೆಯ ಎದ್ದು ಅವನ ಹತ್ತಿರ ಬಂದ. ಇವಳ ಸಂಕಟವನ್ನು ಮೊದಲು ಕಂಡವನು ನೀನು, ನಿನ್ನಷ್ಟು ಮರುಕ ನಮಗೆ ಯಾರಿಗೂ ಇರಲಿಲ್ಲ ಎಂದ. ಹಾಗೆನ್ನುತ್ತ ಅವನ ಮಣಿಕಟ್ಟು ಹಿಡಿದು, ಕೂಸಿನ ಕೈ ತಿರುಗಿಸಿದಷ್ಟು ಮೃದುವಾಗಿ, ಬೆರಳನ್ನು ಕುಂಬಾರಗಿತ್ತಿಯ ಕಡೆಗೆ ತಿರುಗಿಸಿದ. ಒಂದಿಷ್ಟು ಬಿಗಿಹಿಡಿದಿದ್ದರೆ ಕೈ ತಿರುಗುತ್ತಿರಲಿಲ್ಲ. ಒಡೆಯ ಬಲ ಹಾಕಿರಲಿಲ್ಲ. ಊರೆಲ್ಲ ತನ್ನನ್ನು ನೋಡುತ್ತಿದೆ, ಮೆಚ್ಚಿ ನೋಡುತ್ತಿದೆ ಎಂಬುದು ನೇಕಾರನಿಗೆ ಗೊತ್ತಾಯಿತು. ರಾತ್ರಿಯೆಲ್ಲ ಕಾಡಿದ ಹೆದರಿಕೆ ಒಮ್ಮೆಲೇ ಇಳಿದುಹೋಯಿತು. ಅವನು ಕೈಯನ್ನು ತಿರುಗಿದ ಕಡೆಗೇ ಬಿಟ್ಟ.

ಕುಂಬಾರಗಿತ್ತಿ ಆ ಬೆರಳನ್ನು ನೋಡಿದಳು.

“ಅಣ್ಣಾ, ನಿನ್ನೆ ನೀನು ಆ ಮಾತು ಅಂದದ್ದು ಯಾರನ್ನು ನೋಡಿ?”

“ನಿನ್ನನ್ನು ನೋಡಿಯೇ, ತಂಗಿ.”

ಅವಳು ಬಟ್ಟೆ ಬಿಚ್ಚಿದ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

ದಿಬ್ಬದ ಮೇಲೆ ಮಂಟಪ ಎದ್ದಿತು. ಕುಂಬಾರಗಿತ್ತಿಗೆ ಒಡೆಯನ ಅಡಿಗೆಮನೆಯ ಹಿತ್ತಿಲಲ್ಲಿ ದಿನವೂ ಗಂಜಿ ಗೊತ್ತುಮಾಡಿದರು. ಕೈಯ ಗಾಯ ಮಾಯಿತು, ಆದರೆ ಬೆರಳುಗಳು ಅಂಗೈಗೆ ಅಂಟಿ ಮುದುಡಿಹೋದವು. ಮಣ್ಣು ಮುಟ್ಟುವಂತಿರಲಿಲ್ಲ. ಮೊದಮೊದಲು ಅವಳು ಗಂಜಿ ಬಡಿಸುವವಳೊಂದಿಗೆ ವಾದಕ್ಕೆ ನಿಲ್ಲುತ್ತಿದ್ದಳು. ನಾನು ಯಾರಿಗೂ ಕೇಡು ಮಾಡಿದವಳಲ್ಲ, ನನ್ನನ್ನು ನೋಡಿ ಯಾಕೆ ಆ ಮಾತು ಆಡುತ್ತೀಯ ಎನ್ನುತ್ತಿದ್ದಳು. ಬಡಿಸುವವಳು ಪಕ್ಕದವಳ ಕಡೆ ತಿರುಗಿ, ನೋವಿಗೆ ಬುದ್ಧಿ ಕೆಟ್ಟಿದೆ, ಪಾಪ ಎನ್ನುತ್ತಿದ್ದಳು. ಕೆಲವು ಕಾಲದ ಮೇಲೆ ಕುಂಬಾರಗಿತ್ತಿ ವಾದ ಬಿಟ್ಟಳು.

ಮಾತು ಊರಿನಲ್ಲಿ ಹರಡಿತು. ಬಾಯಿಗೆ ಭಾರವಿಲ್ಲ, ಕೈಗೆ ಕೆಲಸವಿಲ್ಲ, ಆಡಿದರೆ ಮನಸ್ಸಿಗೆ ಹಿತ. ಕುಂಟುವ ನಾಯಿಗೆ ಅಂದರು, ತಾಯಿ ಸತ್ತ ಕರುವಿಗೆ ಅಂದರು. ಅಳುವುದು ಬಿಟ್ಟು ಬೇರೇನೂ ತಿಳಿಯದ ಕೂಸಿಗೂ ಅದನ್ನೇ ಹಚ್ಚಿ ಪಾಪು ಎಂದು ಕರೆದರು. ಅಂಬಿಗನ ದೋಣಿಯನ್ನು ಒಡೆಯ ತನ್ನ ವಿಹಾರಕ್ಕೆ ಎಳೆದುಕೊಂಡಾಗ ಊರು ಅಂಬಿಗನ ಮನೆಯ ಮುಂದೆ ಹೋಗಿ ನಿಂತು ಪಾಪ ಎಂದಿತು. ಆ ಗುಂಪಿನಲ್ಲಿ ನೇಕಾರನೂ ಇದ್ದ. ಮೊದಲ ಸಲ ಆ ಮಾತು ಮೀನಿನ ಮುಳ್ಳಿನಂತೆ ಅವನ ಗಂಟಲಲ್ಲಿ ಸಿಕ್ಕಿಕೊಂಡಿತು. ಗಾಣಿಗನ ಎತ್ತು ಒಡೆಯನ ಪಾಲಾದಾಗ ಅಷ್ಟು ಕಷ್ಟವಾಗಲಿಲ್ಲ. ಆಮೇಲೆ ಕಷ್ಟವೆನಿಸಿದ್ದೇ ನೆನಪಿಲ್ಲ. ಕುಂಬಾರಗಿತ್ತಿ ದಾರಿಯಲ್ಲಿ ಎದುರಾದರೆ ಮಾತ್ರ ಅವನು ಬೇರೆ ದಾರಿ ಹಿಡಿಯುತ್ತಿದ್ದ.

ಹಳಬರು ಒಬ್ಬೊಬ್ಬರೇ ತೀರಿಕೊಂಡರು. ಮಕ್ಕಳು ದೊಡ್ಡವರಾದರು. ಬೆರಳು ನೀಡಿ ಆಡುವ ಮಾತು ಅದು ಎಂದು ಅವರಿಗೆ ಯಾರೂ ಹೇಳಿಕೊಡಲಿಲ್ಲ. ಹೇಳಿಕೊಡಬೇಕಾದವರಿಗೆ ಬಾಯಿ ಬರಲಿಲ್ಲ.

ಒಡೆಯನಿಗೆ ವಯಸ್ಸಾಯಿತು. ಮಧ್ಯಾಹ್ನ ಮಂಟಪದಲ್ಲಿ ಮಲಗುವುದು ಅವನ ರೂಢಿ. ನಿದ್ದೆ ಸೂಕ್ಷ್ಮವಾಯಿತು. ಹೊಳೆಯ ದಾರಿಯ ಮನೆಯಿಂದ ಮಗ್ಗದ ಸದ್ದು ಬರುತ್ತದೆ ಎಂದ. ನೇಕಾರನಿಗೆ ಹೇಳಿಕಳಿಸಿದ. ನೇಯದಿದ್ದರೆ ಉಣ್ಣುವುದೇನು ಎಂದು ನೇಕಾರ ಹೇಳಿಕಳಿಸಿದ. ಒಡೆಯ ಮತ್ತೆ ಹೇಳಿಕಳಿಸಲಿಲ್ಲ.

ಮಗ್ಗದ ಗುಂಡಿ ಮುಚ್ಚಲು ಆಳುಗಳು ಬಂದ ಹೊತ್ತಿನಲ್ಲಿ ನೇಕಾರ ಮನೆಯಲ್ಲಿರಲಿಲ್ಲ, ನೂಲು ತರಲು ಹೋಗಿದ್ದ. ನೇಯುವಾಗ ಕಾಲು ಇಳಿಬಿಡುವ ಆ ಗುಂಡಿಯೊಳಗೆ ಹೆಂಡತಿ ಇಳಿದು ಕೂತಳು. ಏಳು ಎಂದರೆ ಏಳಲಿಲ್ಲ. ನೀವು ಮಣ್ಣು ಹಾಕುವುದಾದರೆ ನನ್ನ ಮೇಲೆಯೇ ಹಾಕಿ ಎಂದಳಂತೆ. ಅವರು ಮಣ್ಣು ಹಾಕಲಿಲ್ಲ, ಮನೆಯ ಮಾಡು ಕಿತ್ತರೆ ತಾನಾಗಿಯೇ ಎದ್ದು ಹೋಗುತ್ತಾಳೆ ಎಂದು ಮಾಡು ಕೀಳಲು ಹತ್ತಿದರು. ಹಳೆಯ ತೊಲೆ. ಅದು ಗುಂಡಿಯ ಮೇಲೆ ಬಿತ್ತು. ನೇಕಾರ ಬಂದು ತೊಲೆ ಎತ್ತಿಸಿದಾಗ, ನೇಯುತ್ತಿದ್ದ ಸೀರೆ ಅವಳ ಕೊರಳವರೆಗೆ ಹೊದಿಸಿದ ಹಾಗಿತ್ತು. ಉಸಿರಿರಲಿಲ್ಲ.

ಅವಳನ್ನು ಮಣ್ಣು ಮಾಡಿ ಬಂದವನೇ ನೇಕಾರ ಕಟ್ಟೆಗೆ ಹೋದ. ದುಃಖಕ್ಕೆ ಮಾತಾಡಿಸಬೇಕೆಂದು ಒಡೆಯನೂ ಅಲ್ಲಿಗೆ ಬಂದಿದ್ದ. ಊರು ಸೇರಿತ್ತು. ನೇಕಾರ ಒಡೆಯನ ಎದುರು ನಿಂತು, ಕೈ ಎತ್ತಿ, ಬೆರಳು ನೀಡಿ, ಇದ್ದ ಕಸುವನ್ನೆಲ್ಲ ಕೂಡಿಸಿ ಪಾಪ ಎಂದ.

ಒಡೆಯ ಕಣ್ಣೊರೆಸಿಕೊಂಡ. ಹೆಂಡತಿ ಸತ್ತ ದಿನವೂ ನನ್ನಂಥ ಮುದುಕನ ಮೇಲೆ ಇವನಿಗೆ ಮರುಕ ನೋಡಿ ಎಂದು ಪಕ್ಕದವರಿಗೆ ಹೇಳಿದ. ಆಮೇಲೆ ನೇಕಾರನ ಮುಖವನ್ನೇ ನೋಡುತ್ತ ಪಾಪ ಎಂದ. ಊರೆಲ್ಲ ನೇಕಾರನನ್ನು ನೋಡಿ ಪಾಪ ಎಂದಿತು.

ನನಗಲ್ಲ, ಅವನಿಗೆ ಎಂದು ನೇಕಾರ ಕೂಗಿದ. ಮಾಡಿದವನು ಅವನು, ಅವನನ್ನು ನೋಡಿ ಹೇಳಿ ಎಂದ. ಎಳೆಯರಿಗೆ ಅವನ ಮಾತು ಅರ್ಥವೇ ಆಗಲಿಲ್ಲ. ಅವರಲ್ಲಿ ಅಣಕವಿರಲಿಲ್ಲ. ಚೆನ್ನಾಗಿ ಇರುವವನನ್ನು ನೋಡಿ ಯಾರಾದರೂ ಯಾಕೆ ಪಾಪ ಎನ್ನಬೇಕು ಎಂದು ನಿಜವಾಗಿಯೂ ತಿಳಿಯದೆ ನಿಂತಿದ್ದರು. ನೇಕಾರ ಬೇರೆ ಮಾತಿಗೆ ತಡಕಾಡಿದ. ಕೇಡಿಗೆ ಆ ಊರಿನಲ್ಲಿ ಇನ್ನೊಂದು ಮಾತು ಇರಲಿಲ್ಲ. ಅವನು ಗುಂಪಿನೊಳಗೆ ಹಳಬರನ್ನು ಹುಡುಕಿದ. ಕುಂಬಾರಗಿತ್ತಿಯ ದಿನ ಕಟ್ಟೆಯ ಮುಂದೆ ನಿಂತಿದ್ದವರು ಇನ್ನೂ ಕೆಲವರಿದ್ದರು. ಅವರಿಗೆ ಎಲ್ಲ ಅರ್ಥವಾಗಿತ್ತು. ಅವರು ನೆಲ ನೋಡುತ್ತಿದ್ದರು. ನೇಕಾರನಿಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಅಂಬಿಗನ ಮನೆಯ ಮುಂದೆ ತಾನೂ ಅದೇ ನೆಲ ನೋಡಿದ್ದ.

ಕೈಯನ್ನು ಇಳಿಸಬೇಕೆಂಬುದು ಅವನಿಗೆ ಹೊಳೆಯಲಿಲ್ಲ. ಅದು ನೀಡಿದ ಹಾಗೇ ಇತ್ತು. ಹೊಸದಾಗಿ ಊರಿಗೆ ಮದುವೆಯಾಗಿ ಬಂದ ಹುಡುಗಿಯೊಬ್ಬಳು ಅದನ್ನು ಕಂಡಳು. ಮುದುಕ ಬೇಡುತ್ತಿದ್ದಾನೆ ಎಂದುಕೊಂಡಳು. ಮುಂದೆ ಬಂದು, ಅವನ ಬೆರಳುಗಳನ್ನು ಬಿಡಿಸಿ, ಅಂಗೈಯಲ್ಲಿ ಒಂದು ಹಿಡಿ ಅಕ್ಕಿ ಇಟ್ಟು, ಕೈಮುಗಿದು ಹಿಂದೆ ಸರಿದಳು.

ಜನ ಚೆದುರಿದ ಮೇಲೆ ನೇಕಾರ ಒಡೆಯನ ಹಿತ್ತಿಲಿಗೆ ಹೋದ. ಆ ಮಾತಿನ ಹಳೆಯ ಹುರುಳು ಬಲ್ಲವಳು, ಬಲ್ಲದ್ದನ್ನು ಬಲ್ಲೆ ಎನ್ನುವವಳು ಇನ್ನು ಒಬ್ಬಳೇ ಇದ್ದಳು. ಕುಂಬಾರಗಿತ್ತಿ ಗಂಜಿಯ ಮುಂದೆ ಕೂತಿದ್ದಳು. ತಲೆ ಪೂರ್ತಿ ನೆರೆತಿತ್ತು. ಅಷ್ಟು ವರ್ಷ ದಾರಿ ತಪ್ಪಿಸಿ ನಡೆದವನು ಈಗ ಅವಳ ಎದುರು ನೆಲದ ಮೇಲೆ ಕೂತ. ಅವಳಿಗೆ ಎಲ್ಲ ಸುದ್ದಿ ತಿಳಿದಿತ್ತು. ಅವನ ಹೆಂಡತಿ ತನ್ನ ಕೈಗೆ ಲೋಳೆಸರ ಹಚ್ಚಿದವಳು ಎಂದು ಅತ್ತ ಗುರುತು ಅವಳ ಕೆನ್ನೆಯ ಮೇಲೆ ಕಾಣುತ್ತಿತ್ತು.

“ತಂಗೀ, ನಿನಗಾದರೂ ಆ ಮಾತು ನೆನಪಿದೆಯೇ?” ಎಂದು ನೇಕಾರ ಕೇಳಿದ.

ಅವಳು ಅವನನ್ನು ಬಹಳ ಹೊತ್ತು ನೋಡಿದಳು. ಆಮೇಲೆ ತನ್ನ ಕೈಯನ್ನು ಅವನ ಕಡೆಗೆ ಎತ್ತಿದಳು. ಬೆರಳುಗಳು ಅಂಗೈಗೆ ಅಂಟಿದ್ದವು, ಬರಿಯ ಮುಷ್ಟಿಯೊಂದು ಗಾಳಿಯಲ್ಲಿ ನಿಂತಿತು.

“ಪಾಪ” ಎಂದಳು.

ಅವಳು ಬೆರಳು ನೀಡಿ ಅಂದಳೋ, ನೋಡಿ ಮರುಗಿ ಅಂದಳೋ ನೇಕಾರನಿಗೆ ತಿಳಿಯಲಿಲ್ಲ. ಬೆರಳು ನೀಡಿದ್ದಾಗಿದ್ದರೆ ಒಳ್ಳೆಯದಿತ್ತು. ಹಾಗಾದರೆ ಆ ಊರಿನಲ್ಲಿ ಆ ಮಾತು ಇನ್ನೂ ಒಂದು ಬಾಯಲ್ಲಾದರೂ ಬದುಕಿತ್ತು, ತನ್ನ ತಪ್ಪಿಗಾದರೂ ಅದು ತಗುಲಿತ್ತು. ಯಾವುದೆಂದು ಹೇಳು ಎಂದು ಅವನು ಅಂಗಲಾಚಿದ. ಅವಳು ಆಗಲೇ ಗಂಜಿಯ ಕಡೆಗೆ ಬಾಗಿದ್ದಳು.

ಮಗ್ಗವಿಲ್ಲದ ನೇಕಾರ ಉಣ್ಣಲು ಬೇರೆಲ್ಲಿಗೂ ಹೋಗುವಂತಿರಲಿಲ್ಲ. ಮರುದಿನದಿಂದ ಅದೇ ಹಿತ್ತಿಲಲ್ಲಿ, ಅವಳ ಪಕ್ಕದಲ್ಲಿ, ಅವನಿಗೂ ಒಂದು ಎಲೆ ಬಿತ್ತು. ಬಡಿಸುವವಳು ಇಬ್ಬರಿಗೂ ಬಡಿಸಿ, ಇಬ್ಬರಿಗೂ ಒಂದೊಂದು ಸಲ ಪಾಪ ಎಂದು ಹೋಗುತ್ತಿದ್ದಳು. ಮಾತು ಬಿದ್ದಾಗ ನೇಕಾರ ತಲೆ ತಗ್ಗಿಸುತ್ತಿದ್ದ. ಹಾಗೆ ತಗ್ಗಿಸುವುದು ಅವನಿಗೆ ರೂಢಿಯಾಯಿತು. ಅವಳು ಮೊದಲು ಸತ್ತಳು. ಅವಳು ಅಂದದ್ದು ಯಾವುದು ಎಂದು ತಿಳಿಯದೆಯೇ ಅವನೂ ಸತ್ತ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಹಾಲಯ್ಯ ಇನ್ನೂ ಏನೋ ಇದೆ ಎಂದು ಕಾದ. ಗುರುಗಳು ಏಳಲು ಅಣಿಯಾದರು. ಅವನಿಗೆ ತಡೆಯಲಾಗಲಿಲ್ಲ.

“ಹಾಗಾದರೆ ಆ ಒಡೆಯನನ್ನು ನೋಡಿ ಆ ಮಾತನ್ನು ಮತ್ತೆ ಯಾರೂ ಹೇಳಲೇ ಇಲ್ಲವೇ, ಗುರುಗಳೇ?”

“ಹೇಳಿದರು, ಮಗು. ಅವನು ಸತ್ತ ದಿನ ಊರಿಗೆ ಊರೇ ಅವನ ಹೆಣದ ಸುತ್ತ ನಿಂತು, ಅವನ ಮುಖ ನೋಡಿ, ಪಾಪ ಎಂದಿತು.”